ಸೊಟ್ಟ ಕಾಲಿಗೆ ಒಂದೇ ಕಾರಣವಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಸಮಿತಿಯವರು ನನಗೆ ಕೊಟ್ಟ ವಿಷಯ 'ಗ್ರಾಮೀಣ ವಿದ್ಯಾರ್ಥಿಗಳು ಮತ್ತು ಐಟಿ ಕ್ಷೇತ್ರ'. ಆಹ್ವಾನ ಪತ್ರಿಕೆಯಲ್ಲೂ ಹಾಗೆಯೇ ಅಚ್ಚಾಗಿದೆ. ಬಿಇ ಮಾಡಿ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತಿರುವವನನ್ನು ಕರೆದರೆ ಅದನ್ನೇ ಮಾತಾಡಲಿ ಅನ್ನುವುದು ಸಹಜ. ಆದರೆ ಆ ವಿಷಯ ನಿಮ್ಮ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತದೆ. ಹಾಗಾಗಿ ಮುಖ್ಯೋಪಾಧ್ಯಾಯರ ಅಪ್ಪಣೆ ಕೇಳಿಕೊಂಡು, ನಾನು ಇವತ್ತು ನನ್ನ ಕಾಲಿನ ಬಗ್ಗೆ ಮಾತಾಡುತ್ತೇನೆ.

ನನ್ನ ಬ್ಯಾಚಿನವರಿಗೆ ನನ್ನ ಹೆಸರು ನೆನಪಿಲ್ಲದಿದ್ದರೂ 'ಇಕ್ಕಳ' ಅಂದರೆ ನೆನಪಾಗುತ್ತದೆ. ಪಾದ ಎರಡೂ ಜೋಡಿಸಿ ನಿಂತರೆ ಮಂಡಿಗಳ ನಡುವೆ ವಾಲಿಬಾಲ್ ತೂರಿಹೋಗುವಷ್ಟು ಜಾಗ. ಹೆಸರಿಟ್ಟವನು ಎರಡನೇ ಸಾಲಿನಲ್ಲಿ ಕೂತು ನಗುತ್ತಿದ್ದಾನೆ, ಇರಲಿ. ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರಲ್ಲ, ಮೂರು ವರ್ಷವೂ ನಾನೇ ಸಾಲಿನ ಮೊದಲಿಗ. ನಮ್ಮ ಪಿಟಿ ಮೇಷ್ಟ್ರು ನನ್ನನ್ನು ಒಂದು ದಿನವೂ ಓಡಿಸಲಿಲ್ಲ. ಖೋ ಖೋ ಆಟದ ಅಂಕ ಬರೆಯುವ ಪುಸ್ತಕವನ್ನು ಕೈಗೆ ಕೊಟ್ಟು, 'ಇದು ನಿನ್ನ ಜವಾಬ್ದಾರಿ' ಅಂದರು. ತಾಲ್ಲೂಕು ಮಟ್ಟದ ಪಂದ್ಯಕ್ಕೂ ತಂಡದ ಜೊತೆ ಲಾರಿಯಲ್ಲಿ ಹೋಗಿ ಬಂದೆ, ಅಂಕ ಬರೆಯುವವನಾಗಿ. ಸರ್, ಆ ಪುಸ್ತಕ ಕೊಟ್ಟದ್ದಕ್ಕೆ ಇಪ್ಪತ್ತು ವರ್ಷ ತಡವಾಗಿ ಧನ್ಯವಾದ ಹೇಳುತ್ತಿದ್ದೇನೆ.

ಎಂಟನೇ ತರಗತಿಯ ವಿಜ್ಞಾನ ಪರೀಕ್ಷೆಯಲ್ಲಿ 'ಹೊಂದಿಸಿ ಬರೆಯಿರಿ' ಇತ್ತು. ಎ ಜೀವಸತ್ವಕ್ಕೆ ಇರುಳುಗುರುಡು, ಬಿಗೆ ಬೆರಿಬೆರಿ, ಸಿಗೆ ಸ್ಕರ್ವಿ, ಡಿಗೆ ರಿಕೆಟ್ಸ್. ನಾಲ್ಕಕ್ಕೆ ನಾಲ್ಕು ಅಂಕ ಬಂತು. ರಿಕೆಟ್ಸ್ ಪಾಠ ಮಾಡುವಾಗ ಪುಸ್ತಕದಲ್ಲಿ ಬಾಗಿದ ಕಾಲಿನ ಮಗುವಿನ ಚಿತ್ರವಿತ್ತು. ಇಡೀ ತರಗತಿ ಚಿತ್ರ ನೋಡಿ ನನ್ನ ಕಡೆ ತಿರುಗಿತು. ಮೇಷ್ಟ್ರು ಪುಟ ತಿರುವಿ ಅಂದು ಬೇಗ ಗಂಟೆ ಹೊಡೆಸಿದರು ಅಂತ ನನಗೆ ಅನುಮಾನ. ಪುಸ್ತಕ ಹೇಳಿದ್ದು ತಪ್ಪಲ್ಲ. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಎಂಬ ವಿಜ್ಞಾನಿ ನಾಯಿಮರಿಗಳಿಗೆ ಆಹಾರದ ಕೊರತೆಯಿಂದ ರಿಕೆಟ್ಸ್ ಬರಿಸಿ, ಕಾಡ್ ಮೀನಿನ ಎಣ್ಣೆ ಕೊಟ್ಟು ವಾಸಿ ಮಾಡಿ ತೋರಿಸಿದ. ಅಲ್ಲಿಂದ ಬಂದ ತಿಳಿವಳಿಕೆ ಅದು, ಇವತ್ತಿಗೂ ಬಹುಪಾಲು ಮಕ್ಕಳ ವಿಷಯದಲ್ಲಿ ನಿಜ. ಆದರೆ ನನ್ನ ಕಾಲಿಗೆ ಆ ಉತ್ತರ ಹೊಂದುತ್ತಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ನನಗೆ ಮೂವತ್ತೆರಡು ವರ್ಷ.

ಊರಿನವರ ಬಳಿ ಬೇರೆ ಉತ್ತರವಿತ್ತು, ನೀರು. ಪಾವಗಡ ಸೀಮೆಯಲ್ಲಿ ಹುಟ್ಟಿದವರಿಗೆ ಫ್ಲೋರೈಡ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ನಮ್ಮ ಕಡೆ ಎಷ್ಟೋ ಕೊಳವೆಬಾವಿಗಳಲ್ಲಿ ಅದು ದಾಟಿದೆ. ಹಳದಿ ಕಲೆಯ ಹಲ್ಲು, ಬಗ್ಗದ ಸೊಂಟ, ವಕ್ರವಾದ ಕಾಲು ಇವೆಲ್ಲ ಆ ನೀರಿನಿಂದ ಆಗುವುದೂ ನಿಜವೇ. ಹಾಗಾಗಿ ನನ್ನನ್ನು ನೋಡಿದವರೆಲ್ಲ 'ನೀರಿನ ದೋಷ' ಅಂದರು. ಅದೇ ನೀರು ಕುಡಿದ ನಮ್ಮಕ್ಕನ ಕಾಲು ನೆಟ್ಟಗಿತ್ತಲ್ಲ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೂರನೆಯ ಉತ್ತರ ಹೆಂಗಸರದು, ಅದು ನಮ್ಮಮ್ಮನ ಮೇಲೆ ಹೋಗುತ್ತಿತ್ತು. ಬಸುರಿಯಲ್ಲಿ ಸರಿಯಾಗಿ ತಿನ್ನಲಿಲ್ಲ, ಗ್ರಹಣದಲ್ಲಿ ಹೊರಗೆ ಓಡಾಡಿದಳು, ಮಗುವನ್ನು ಬೇಗ ನಿಲ್ಲಿಸಿದಳು, ಸೊಂಟದ ಮೇಲೆ ಕೂರಿಸಿಕೊಂಡೇ ಕೆಲಸ ಮಾಡಿದಳು. ಅಮ್ಮನ ಕಾಲೂ ನನ್ನ ಹಾಗೆಯೇ. ನಾಲ್ಕೂವರೆ ಅಡಿ ಎತ್ತರ, ನಡೆಯುವಾಗ ಎರಡೂ ಕಡೆ ವಾಲುತ್ತಾಳೆ. ಸೀರೆ ಉಟ್ಟವಳ ಕಾಲನ್ನು ಯಾರು ನೋಡುತ್ತಾರೆ? ಅವಳು ನನ್ನನ್ನು ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸಿದಳು. ಆಂಧ್ರದ ಪುತ್ತೂರಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದಳು. ದಿನಾ ರಾಗಿ ಅಂಬಲಿ, ಸಾಲ ಮಾಡಿ ಹಸು ತಂದು ಹಾಲು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ಹಾಗಾಗಿ ಅವಳು ಕೊಟ್ಟದ್ದು ಒಳ್ಳೆಯದೇ. ಒಬ್ಬ ಡಾಕ್ಟರು ಆರು ಲಕ್ಷ ಯೂನಿಟ್‌ನ ಡಿ ಜೀವಸತ್ವದ ಇಂಜೆಕ್ಷನ್ ಕೊಟ್ಟರು. ಗುಣ ಕಾಣದಿದ್ದಾಗ ಮತ್ತೊಂದು, ಮುಂದಿನ ವರ್ಷ ಇನ್ನೊಂದು. ಹಾಗೆ ಮೇಲಿಂದ ಮೇಲೆ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು ಅಂತ ನಮಗೆ ತಿಳಿದದ್ದು ತೀರಾ ಇತ್ತೀಚೆಗೆ. ಇಲ್ಲೊಂದು ಮಾತು ಹೇಳದೆ ಇರಲಾರೆ. ಇವತ್ತು ನಮ್ಮ ತಿರುಮಣಿಯ ಸೋಲಾರ್ ಪಾರ್ಕು ಎರಡು ಸಾವಿರ ಮೆಗಾವಾಟ್ ಕರೆಂಟು ಕೊಡುವುದು ಈ ಊರುಗಳ ಬಿಸಿಲಿನಿಂದ. ಆ ಬಿಸಿಲಿನಲ್ಲೇ ಕುರಿ ಕಾಯ್ದು ಬೆಳೆದ ಹುಡುಗನಿಗೆ 'ಬಿಸಿಲು ಸಾಲದು' ಅಂದದ್ದನ್ನು ನಾವು ನಂಬಿದೆವು!

ಎಸ್‌ಎಸ್‌ಎಲ್‌ಸಿ ಆಯಿತು, ಪಿಯುಸಿ ಆಯಿತು, ಬಿಇ ಆಯಿತು, ಕೆಲಸ ಸಿಕ್ಕಿತು. ಬೆಂಗಳೂರಲ್ಲಿ ಬಾಡಿಗೆ ಮನೆ ನೋಡುವಾಗ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, 'ಕಾವೇರಿ ನೀರು ಬರುತ್ತದಾ?' ಮದುವೆಯಾಯಿತು. ಮನೆಯಲ್ಲಿ ಕಾವೇರಿ ನೀರು, ಅದರ ಮೇಲೆ ಫಿಲ್ಟರು. ನನ್ನ ಕಾಲಿನ ಕಥೆ ನನ್ನಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ.

2017ರಲ್ಲಿ ಮಗಳು ಹುಟ್ಟಿದಳು. ಹದಿನಾಲ್ಕು ತಿಂಗಳಿಗೆ ಹೆಜ್ಜೆ ಇಟ್ಟಳು. ಒಂದೂವರೆ ವರ್ಷಕ್ಕೆ ನಮ್ಮಮ್ಮ ಊರಿಂದ ಬಂದವಳು, ಮಗು ಹಾಲ್‌ನಲ್ಲಿ ಓಡಾಡುವುದನ್ನು ನೋಡಿ ಏನೂ ಮಾತಾಡದೆ ಅಡುಗೆಮನೆಗೆ ಹೋದಳು. ರಾತ್ರಿ ನನ್ನನ್ನು ಕರೆದು, 'ಮಗಾ, ಇವಳ್ದೂ ನಿನ್ ಕಾಲೇ ಕಣಪ್ಪಾ' ಅಂದಳು. ನಾನು ಸಿಟ್ಟಾದೆ. ಎಲ್ಲ ಮಕ್ಕಳೂ ಹಾಗೇ ನಡೆಯೋದು ಅಂದೆ. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ನೀರು ಬೇರೆ, ಊರು ಬೇರೆ, ಹಾಲು ಹಣ್ಣು ಎಲ್ಲ ಇದೆ, ಕಾಲು ಮಾತ್ರ ಅದೇ. ಪ್ರೋಗ್ರಾಂ ಬರೆಯುವವರಿಗೆ ಇದು ಗೊತ್ತಿರುವ ಸಂಗತಿ. ಒಂದು ಕಡೆ ತಪ್ಪು ಬಂದರೆ ಆ ಕಂಪ್ಯೂಟರಿನ ದೋಷ ಅನ್ನಬಹುದು. ಬೇರೆ ಕಂಪ್ಯೂಟರಿನಲ್ಲಿ ಹಾಕಿದರೂ ಅದೇ ತಪ್ಪು ಬಂದರೆ, ಬರೆದ ಪ್ರೋಗ್ರಾಂನಲ್ಲೇ ಏನೋ ಇದೆ ಅಂತ ಅರ್ಥ.

ಮೊದಲು ತೋರಿಸಿದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಮಣಿಕಟ್ಟಿನ ಮೂಳೆಯ ತುದಿ ಸವೆದ ಪೊರಕೆಯ ಹಾಗೆ ಕೆದರಿತ್ತು. ರಿಕೆಟ್ಸ್ ಅಂದರು, ವಾರಕ್ಕೊಂದರಂತೆ 60,000 ಯೂನಿಟ್‌ನ ಡಿ ಪುಡಿ ಬರೆದರು, ಜೊತೆಗೆ ಕ್ಯಾಲ್ಸಿಯಂ. ಮೊದಲ ಸಲಕ್ಕೆ ಅದು ಸರಿಯಾದ ದಾರಿಯೇ. ನೂರು ಮಕ್ಕಳು ರಿಕೆಟ್ಸ್ ಅಂತ ಬಂದರೆ ಬಹಳಷ್ಟು ಮಕ್ಕಳಿಗೆ ಅದರಿಂದಲೇ ಗುಣವಾಗುತ್ತದೆ. ಮೂರು ತಿಂಗಳು ಕಳೆದು ಮತ್ತೆ ಎಕ್ಸ್‌ರೇ ತೆಗೆದರೆ ಪೊರಕೆ ಹಾಗೇ ಇತ್ತು. ಇನ್ನೊಂದು ಸುತ್ತು ಪುಡಿ ಬರೆದರು. ಅಷ್ಟರಲ್ಲಿ ನೆಂಟರ ಮಾತು ಶುರುವಾಗಿತ್ತು. ಕೆಲಸಕ್ಕೆ ಹೋಗುವ ತಾಯಿ, ಎದೆಹಾಲು ಬೇಗ ಬಿಡಿಸಿದಳು, ಮಗುವನ್ನು ನಾಲ್ಕನೇ ಮಹಡಿಯಲ್ಲಿ ಕೂಡಿಹಾಕಿದ್ದಾಳೆ. ಮೂವತ್ತು ವರ್ಷದ ಹಿಂದೆ ನಮ್ಮಮ್ಮ ಕೇಳಿದ್ದನ್ನೇ ಈಗ ನನ್ನ ಹೆಂಡತಿ ಕೇಳುತ್ತಿದ್ದಳು. ನಾನು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ 'ಅಲ್ಲ' ಅಂತಲೂ ಅನ್ನಲಿಲ್ಲ. ಅದಕ್ಕೆ ಅವಳ ಹತ್ತಿರ ಒಮ್ಮೆ ಕ್ಷಮೆ ಕೇಳಿದ್ದೇನೆ, ಈಗ ಎಲ್ಲರ ಮುಂದೆ ಇನ್ನೊಮ್ಮೆ.

ಕೊನೆಗೆ ಮಕ್ಕಳ ಹಾರ್ಮೋನು ತಜ್ಞರಾದ ಒಬ್ಬ ಡಾಕ್ಟರಮ್ಮನ ಬಳಿ ಹೋದೆವು. ಅವರು ಮಗುವನ್ನು ನೋಡುವುದಕ್ಕೆ ಮುಂಚೆ ನನ್ನನ್ನು ನೋಡಿದರು. 'ನೀವು ಸ್ವಲ್ಪ ಬಾಗಿಲ ತನಕ ನಡೆದು ಬನ್ನಿ' ಅಂದರು. ನಡೆದು ಬಂದೆ. 'ಹಲ್ಲಿನ ತೊಂದರೆ ಇತ್ತಾ, ಹುಳುಕಿಲ್ಲದೆ ಕೀವಾಗೋದು?' ಅಂದರು. ನನಗೆ ಮೈ ಜುಂ ಅಂದಿತು. ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಕೆನ್ನೆ ಊದಿಸಿಕೊಂಡು ಬಂದು ಬರೆದದ್ದು ನನ್ನ ಪಕ್ಕ ಕೂತವರಿಗೆ ನೆನಪಿರಬಹುದು. ನಮ್ಮಮ್ಮ ನಲವತ್ತಕ್ಕೇ ಅರ್ಧ ಹಲ್ಲು ಕಳೆದುಕೊಂಡಳು. ಕಾಲಿಗೂ ಹಲ್ಲಿಗೂ ಸಂಬಂಧವಿದೆ ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಹಳೆಯ ರಕ್ತಪರೀಕ್ಷೆಯ ಹಾಳೆ ಕೇಳಿದರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ವೃತ್ತಿಗೂ ಸೇರಿದ ವಿಷಯ. ಹಾಳೆಯಲ್ಲಿ ರಂಜಕ, ಅಂದರೆ ಫಾಸ್ಪರಸ್, 2.6 ಅಂತ ಇತ್ತು. ಪಕ್ಕದಲ್ಲಿ 'ಸಾಮಾನ್ಯ ಮಿತಿ 2.5ರಿಂದ 4.5' ಅಂತ ಅಚ್ಚಾಗಿತ್ತು. ಮಿತಿಯ ಒಳಗೇ ಇದೆ, ಹಾಗಾಗಿ ನಕ್ಷತ್ರದ ಗುರುತು ಬಿದ್ದಿರಲಿಲ್ಲ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡಾಕ್ಟರಮ್ಮ ಪೆನ್ನಿನಿಂದ ಆ ಮಿತಿಯನ್ನು ಹೊಡೆದುಹಾಕಿದರು. 'ಇದು ದೊಡ್ಡವರ ಲೆಕ್ಕ. ಎರಡು ವರ್ಷದ ಮಗುವಿಗೆ ಸುಮಾರು 4ರ ಮೇಲಿರಬೇಕು' ಅಂದರು. ಬೆಳೆಯುವ ಮೂಳೆಗೆ ರಂಜಕ ಜಾಸ್ತಿ ಬೇಕು, ಆದ್ದರಿಂದ ಮಕ್ಕಳ ರಕ್ತದಲ್ಲಿ ಅದು ದೊಡ್ಡವರಿಗಿಂತ ಹೆಚ್ಚೇ ಇರುತ್ತದೆ. ಲ್ಯಾಬಿನ ಕಂಪ್ಯೂಟರಿಗೆ ವಯಸ್ಸು ನೋಡಿ ಮಿತಿ ಬದಲಿಸುವುದನ್ನು ಯಾರೋ ಹೇಳಿಕೊಟ್ಟಿರಲಿಲ್ಲ. ನನ್ನಂಥವನೊಬ್ಬ ಎಲ್ಲೋ ಕೂತು ಒಂದು ಸಾಲು ಬರೆಯದೆ ಬಿಟ್ಟದ್ದಕ್ಕೆ ನನ್ನ ಮಗಳಿಗೆ ಆರು ತಿಂಗಳು ಹೋಯಿತು. ಅಲ್ಲಿಂದೀಚೆಗೆ ಆಫೀಸಿನಲ್ಲಿ 'ಇದು ಚಿಕ್ಕ ವಿಷಯ, ಆಮೇಲೆ ಮಾಡೋಣ' ಅಂತ ಯಾರಾದರೂ ಅಂದರೆ ನನಗೆ ಆ ಹಾಳೆ ನೆನಪಾಗುತ್ತದೆ.

ನನ್ನ ರಕ್ತವನ್ನೂ ಕೊಟ್ಟೆ. ನನ್ನದು 1.7. ದೊಡ್ಡವರ ಲೆಕ್ಕಕ್ಕೂ ಕಡಿಮೆ. ಆಮೇಲೆ ಮೂತ್ರ ಪರೀಕ್ಷೆ, ಜೀನ್ ಪರೀಕ್ಷೆ ಎಲ್ಲ ಆಗಿ ಹೆಸರು ಗೊತ್ತಾಯಿತು. ಎಕ್ಸ್ ವರ್ಣತಂತುವಿನ ಮೂಲಕ ಬರುವ, ರಂಜಕ ಸೋರುವ ರಿಕೆಟ್ಸ್. ಡಾಕ್ಟರುಗಳು ಚಿಕ್ಕದಾಗಿ ಎಕ್ಸ್‌ಎಲ್‌ಎಚ್ ಅನ್ನುತ್ತಾರೆ. ಸುಮಾರು ಇಪ್ಪತ್ತು ಸಾವಿರ ಜನರಲ್ಲಿ ಒಬ್ಬರಿಗೆ.

ಏನಿದು ಅಂತ ನನಗೆ ಅರ್ಥವಾದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ಇಲ್ಲಿರುವ ಡಾಕ್ಟರುಗಳು ತಿದ್ದಬೇಕು. ಗೋಡೆಗೆ ಸಿಮೆಂಟೂ ಬೇಕು, ಮರಳೂ ಬೇಕು. ಹಾಗೆಯೇ ಮೂಳೆಗೆ ಕ್ಯಾಲ್ಸಿಯಂ, ರಂಜಕ ಎರಡೂ ಬೇಕು. ನಮಗೆಲ್ಲ ಕ್ಯಾಲ್ಸಿಯಂ ಮಾತ್ರ ಗೊತ್ತು. ಮೂತ್ರಪಿಂಡ ರಕ್ತವನ್ನು ಸೋಸುವಾಗ ರಂಜಕವನ್ನು ಹೊರಗೆ ಬಿಟ್ಟು, ಮತ್ತೆ ಬೇಕಾದಷ್ಟನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಷ್ಟು ಎಳೆದುಕೊಳ್ಳಬೇಕು ಅಂತ ಹೇಳಿಕಳಿಸುವುದು ಮೂಳೆಯೇ, ಒಂದು ಹಾರ್ಮೋನಿನ ಮೂಲಕ. 'ಸಾಕು, ಬಿಟ್ಟುಬಿಡು' ಅನ್ನುವ ಸಂದೇಶ ಅದು. ನಮ್ಮ ಮನೆಯವರಲ್ಲಿ ಫೆಕ್ಸ್ ಎಂಬ ಒಂದು ಜೀನ್ ಕೆಟ್ಟಿರುವುದರಿಂದ ಆ ಸಂದೇಶ ನಿಲ್ಲುವುದೇ ಇಲ್ಲ. ಊರಿನ ಓವರ್‌ಹೆಡ್ ಟ್ಯಾಂಕಿನ ವಾಲ್ವು ತೆರೆದೇ ಉಳಿದರೆ ನೀರುಗಂಟಿ ಹಗಲೂ ರಾತ್ರಿ ಮೋಟಾರು ಓಡಿಸಿದರೂ ಟ್ಯಾಂಕು ತುಂಬುತ್ತದಾ? ಅಮ್ಮ ಸಾಲ ಮಾಡಿ ಕುಡಿಸಿದ ಹಾಲಿನ ರಂಜಕವೆಲ್ಲ ಹಾಗೆ ಹರಿದುಹೋಯಿತು. ಅದೇ ಹಾರ್ಮೋನು ಇನ್ನೊಂದು ಕೆಲಸವನ್ನೂ ಕೆಡಿಸುತ್ತದೆ. ಬಿಸಿಲಿನಿಂದಲೋ ಪುಡಿಯಿಂದಲೋ ಬಂದ ಡಿ ಜೀವಸತ್ವವನ್ನು ಮೂತ್ರಪಿಂಡ ಕೊನೆಯ ಹಂತದಲ್ಲಿ ಚುರುಕುಗೊಳಿಸಬೇಕು, ಅದಕ್ಕೂ ಅಡ್ಡ ಬರುತ್ತದೆ.

ಡಿ ಕೊಟ್ಟರೂ ಬಗ್ಗದ ರಿಕೆಟ್ಸ್ ಇದೆ ಅಂತ 1937ರಲ್ಲೇ ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ಒಬ್ಬ ಹುಡುಗನ ವಿಷಯ ಬರೆದಿದ್ದರು. ಅದು ವಂಶದಲ್ಲಿ ಯಾವ ದಾರಿಯಲ್ಲಿ ಹರಿಯುತ್ತದೆ ಅನ್ನುವುದು 1958ರಲ್ಲಿ, ಜೀನ್ ಯಾವುದು ಅನ್ನುವುದು 1995ರಲ್ಲಿ ತಿಳಿಯಿತು. ಅಂದರೆ ನಾನು ಈ ಶಾಲೆಯಲ್ಲಿ ಹೊಂದಿಸಿ ಬರೆಯುವ ಹೊತ್ತಿಗೆ ಉತ್ತರ ಜಗತ್ತಿನಲ್ಲಿ ಇತ್ತು, ನಮ್ಮ ತನಕ ಬಂದಿರಲಿಲ್ಲ.

ಹರಿಯುವ ದಾರಿ ಹೇಗೆ? ಹತ್ತನೆಯವರು ಓದಿರುತ್ತೀರಿ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ತಂದೆ ಮಗನಿಗೆ ವೈ ಕೊಡುತ್ತಾನೆ, ಮಗಳಿಗೆ ಎಕ್ಸ್ ಕೊಡುತ್ತಾನೆ. ನನ್ನ ಹತ್ತಿರ ಇರುವ ಒಂದೇ ಎಕ್ಸ್ ಕೆಟ್ಟದ್ದು, ಹಾಗಾಗಿ ನನಗೆ ಹುಟ್ಟುವ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಯಾರಿಗೂ ಬರುವುದಿಲ್ಲ. ತಾಯಿಗೆ ಇದ್ದರೆ ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅರ್ಧಕ್ಕರ್ಧ. ನನಗೆ ಬಂತು, ಅಕ್ಕನಿಗೆ ತಪ್ಪಿತು. ಅಕ್ಕನ ಮಕ್ಕಳಿಗೆ ಅವಳಿಂದ ಬರುವ ಮಾತೇ ಇಲ್ಲ. ಇದು ತಿಳಿದ ರಾತ್ರಿ ನಾನೊಂದು ಹಾಳೆಯ ಮೇಲೆ ವಂಶವೃಕ್ಷ ಬರೆದೆ. ಅಮ್ಮನಿಗೆ ಎಲ್ಲಿಂದ ಬಂತು? ತಾತ ಕುಳ್ಳಗಿದ್ದ, ಸದಾ ಪಂಚೆ, ಕಾಲು ಹೇಗಿತ್ತೋ ಯಾರಿಗೂ ನೆನಪಿಲ್ಲ. ಆದರೆ ತಾತನಿಗೆ ಇದ್ದಿದ್ದರೆ ಅವನ ಮೂವರು ಹೆಣ್ಣುಮಕ್ಕಳಿಗೂ ಬರಬೇಕಿತ್ತು. ನಮ್ಮ ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ನೆಟ್ಟನೆ ನಿಲ್ಲುವವರು. ಅಜ್ಜಿಯಂತೂ ತಲೆಯ ಮೇಲೆ ಎರಡು ಬಿಂದಿಗೆ ಹೊತ್ತು ಏರು ಹತ್ತುತ್ತಿದ್ದವಳು. ಕೆಲವರಲ್ಲಿ ಇದು ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿ ಶುರುವಾಗುತ್ತದಂತೆ. ನಮ್ಮಲ್ಲಿ ಅಮ್ಮನಿಂದಲೇ ಶುರುವಾಗಿರಬೇಕು.

ಇದನ್ನು ಅಮ್ಮನಿಗೆ ಹೇಳಿದ್ದು ನಾನು ಮಾಡಿದ ಅವಸರ. ನೀನು ತಿಂದಿದ್ದು ಬಿಟ್ಟಿದ್ದು ಯಾವುದೂ ಕಾರಣ ಅಲ್ಲ, ಗ್ರಹಣವೂ ಅಲ್ಲ ಅಂತ ಹೇಳಿ ಅವಳ ಭಾರ ಇಳಿಸೋಣ ಅಂದುಕೊಂಡಿದ್ದೆ. ಅವಳು ಎಲ್ಲ ಕೇಳಿ, 'ಅಂಗಾದ್ರೆ ನಿನಗೂ ಮಗೀಗೂ ನನ್ನಿಂದ್ಲೇ ಬಂತು ಅನ್ನು' ಅಂದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅವಳ ಕೈ ಹಿಡಿದು, 'ಅಮ್ಮಾ, ನಿಮ್ಮ ಮಗನಿಗೆ ನಿಮ್ಮ ಮೂಗು ಬಂದಿದೆ. ಅದನ್ನ ನೀವು ಬೇಕು ಅಂತ ಕೊಟ್ರಾ?' ಅಂದರು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, 'ಮೂಗು ಅವರಪ್ಪಂದು' ಅಂದಳು. ಎಲ್ಲರೂ ನಕ್ಕೆವು. ಅವಳ ಸಂಕಟ ಅಷ್ಟಕ್ಕೇ ಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಮಗುವಿನ ಔಷಧಿಯ ಉಸ್ತುವಾರಿಯನ್ನು ಅಂದಿನಿಂದ ಅವಳೇ ಕೈಗೆ ತೆಗೆದುಕೊಂಡಳು.

ನಮ್ಮ ವಂಶವೃಕ್ಷ ನೋಡಿದ ನೆಂಟರೊಬ್ಬರು, ಅಜ್ಜಿ ಸೋದರಮಾವನನ್ನೇ ಮದುವೆಯಾಗಿದ್ದಳಲ್ಲ, ಅದಕ್ಕೇ ಹೀಗೆ ಅಂದರು. ನಮ್ಮ ಕಾಯಿಲೆಗೆ ಅದು ಕಾರಣವಲ್ಲ, ಒಂದು ಕೆಟ್ಟ ಪ್ರತಿ ಇದ್ದರೆ ಸಾಕು, ಇದು ಬರುತ್ತದೆ. ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇರೆ ಬಗೆಯ ಹುಟ್ಟು ರಿಕೆಟ್ಸ್‌ಗಳಿವೆ, ಅವು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಅಕ್ಕನ ಮಗಳು, ಅತ್ತೆ ಮಗ, ಮಾವನ ಮಗಳು ಅಂತ ಹತ್ತಿರದಲ್ಲೇ ತಂದುಕೊಂಡಾಗ ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇರುವ ಸಂಭವ ಹೆಚ್ಚು. ಅಂಥ ಒಂದು ಬಗೆಯಲ್ಲಿ ಡಿಯನ್ನು ಚುರುಕುಗೊಳಿಸುವ ಕಿಣ್ವವೇ ಮಗುವಿಗೆ ಇರುವುದಿಲ್ಲ. ಚುರುಕುಗೊಳಿಸಿದ ಡಿಯನ್ನೇ ದಿನಾ ಚಿಕ್ಕ ಪ್ರಮಾಣದಲ್ಲಿ ಕೊಟ್ಟರೆ ಅಂಥ ಮಕ್ಕಳು ಬಹಳ ಚೆನ್ನಾಗಿ ಸುಧಾರಿಸುತ್ತಾರೆ, ಆದರೆ ಜೀವನಪೂರ್ತಿ ಬಿಡುವ ಹಾಗಿಲ್ಲ. ಇನ್ನೊಂದು ಬಗೆಯಲ್ಲಿ ಡಿ ಇದ್ದರೂ ದೇಹ ಅದನ್ನು ಗುರುತಿಸುವುದಿಲ್ಲ. ಅಂಥ ಕೆಲವು ಮಕ್ಕಳಿಗೆ ತಲೆಗೂದಲೂ ಉದುರಿರುತ್ತದೆ. ಅದಕ್ಕೆ ಚಿಕಿತ್ಸೆ ಕಷ್ಟ. ಮತ್ತೊಂದರಲ್ಲಿ ಮೂತ್ರಪಿಂಡ ರಕ್ತದ ಆಮ್ಲವನ್ನು ಹೊರಹಾಕಲಾರದೆ ಮೂಳೆ ಮೆತ್ತಗಾಗುತ್ತದೆ. ಮಗು ಬೆಳೆಯುವುದಿಲ್ಲ, ಮೇಲಿಂದ ಮೇಲೆ ನೀರು ಕೇಳುತ್ತದೆ, ಕೆಲವರಿಗೆ ಕಿವಿಯೂ ಮಂದ. ಅದಕ್ಕೆ ಬೇಕಾದದ್ದು ಕ್ಷಾರದ ಔಷಧಿ, ದುಬಾರಿಯೂ ಅಲ್ಲ. ಇಷ್ಟೂ ಮಕ್ಕಳು ಸಾಲಾಗಿ ನಿಂತರೆ ಹೊರಗಿನಿಂದ ಕಾಣುವುದು ಒಂದೇ, ಸೊಟ್ಟ ಕಾಲು. ಒಬ್ಬರ ಔಷಧಿ ಇನ್ನೊಬ್ಬರಿಗೆ ಆಗುವುದಿಲ್ಲ. ನಮ್ಮ ಹಿರಿಯರು ಸಂಬಂಧ ಬೆಳೆಸಿದ ರೀತಿಯನ್ನು ಹಳಿಯುವ ಯೋಗ್ಯತೆ ನನಗಿಲ್ಲ. ಒಂದು ಮನೆಯಲ್ಲಿ ಈಗಾಗಲೇ ಅಂಥ ಮಗು ಇದ್ದರೆ, ಅದೇ ಮನೆತನದಲ್ಲಿ ಮುಂದಿನ ಮದುವೆ ಮಾತು ಎತ್ತುವ ಮೊದಲು ಒಬ್ಬ ಡಾಕ್ಟರನ್ನು ಕೇಳಿ ಅಂತ ಮಾತ್ರ ಕೈಮುಗಿದು ಕೇಳುತ್ತೇನೆ.

ನನ್ನ ಮಗಳಿಗೆ ಕೊಡುವುದು ಜೂಲೀಸ್ ಸೊಲ್ಯೂಷನ್ ಅನ್ನುವ ರಂಜಕದ ನೀರು, ಒಂದು ಮಿಲಿಯಲ್ಲಿ ಸುಮಾರು 30 ಮಿಲಿಗ್ರಾಂ ರಂಜಕ. ಸೋರುವ ಟ್ಯಾಂಕಿಗೆ ಒಮ್ಮೆಲೇ ಸುರಿದರೆ ಪ್ರಯೋಜನವಿಲ್ಲ, ಹಾಗಾಗಿ ದಿನಕ್ಕೆ ಐದು ಸಲ, ರಾತ್ರಿ ಮಲಗಿದ ಮೇಲೂ ಒಮ್ಮೆ ಎಬ್ಬಿಸಿ. ರುಚಿ ಕೆಟ್ಟದ್ದು. ಹೆಚ್ಚಾದರೆ ಭೇದಿ. ಅಮ್ಮ ಮೊದಮೊದಲು ಪಾಪ ಅಂತ ಹಾಲಿಗೆ ಬೆರೆಸಿ ಕೊಡುತ್ತಿದ್ದಳು. ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ರಂಜಕವನ್ನು ಹಿಡಿದುಬಿಡುತ್ತದೆ, ಹಾಗೆ ಕೊಡಬೇಡಿ ಅಂತ ಡಾಕ್ಟರಮ್ಮ ಹೇಳಿದ ಮೇಲೆ ನಿಲ್ಲಿಸಿದಳು. ಜೊತೆಗೆ ಚುರುಕುಗೊಳಿಸಿದ ಡಿ, ಪ್ರತಿದಿನ. ಮೂರು ತಿಂಗಳಿಗೊಮ್ಮೆ ರಕ್ತ, ವರ್ಷಕ್ಕೊಮ್ಮೆ ಮೂತ್ರಪಿಂಡದ ಸ್ಕ್ಯಾನ್, ಏಕೆಂದರೆ ಈ ಔಷಧಿಯೇ ಹದ ತಪ್ಪಿದರೆ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಐದು ವರ್ಷವಾಯಿತು. ಕಾಲು ಪೂರ್ತಿ ನೆಟ್ಟಗಾಗಿಲ್ಲ. ನನ್ನದಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ಎತ್ತರದಲ್ಲಿ ತರಗತಿಯಲ್ಲಿ ಕೊನೆಯಿಂದ ಎರಡನೆಯವಳು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ.

ಆ ಹಾರ್ಮೋನನ್ನೇ ಹಿಡಿದು ಕಟ್ಟಿಹಾಕುವ ಹೊಸ ಇಂಜೆಕ್ಷನ್ ಬಂದಿದೆ, ಬುರೊಸುಮಾಬ್ ಅಂತ. ಯುರೋಪು, ಅಮೆರಿಕಗಳಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳಿಗೆ ಎರಡು ವಾರಕ್ಕೊಮ್ಮೆ ಚುಚ್ಚಬೇಕು. ಒಳ್ಳೆಯ ಫಲ ಕಂಡಿದೆ. ಬೆಲೆ ಮಾತ್ರ ಐಟಿ ಸಂಬಳಕ್ಕೂ ಎಟುಕುವಂಥದ್ದಲ್ಲ. ಆ ವಿಷಯ ನೆನೆದಾಗ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಮಾತ್ರ ಸ್ಪಷ್ಟವಿಲ್ಲ.

ಕೆಲವರು ನನ್ನ ಹತ್ತಿರ ಗುಟ್ಟಾಗಿ ಕೇಳುತ್ತಾರೆ, ಎರಡನೆಯದು ಗಂಡಾದರೆ ತೊಂದರೆಯಿಲ್ಲವಲ್ಲ, ಏನಾದರೂ ನೋಡಿಸಬಾರದಾ ಅಂತ. ನೋಡಿಸುವುದು ಕಾನೂನಿಗೆ ವಿರುದ್ಧ, ಅದಿರಲಿ. ಇವಳು ಹುಟ್ಟಬಾರದಿತ್ತು ಅನ್ನುವ ಅರ್ಥ ಬರುವ ಯಾವ ಲೆಕ್ಕಕ್ಕೂ ನಾವು ಕೂರುವುದಿಲ್ಲ ಅಂತ ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದ್ದೇವೆ. ಮುಂದೆ ಅವಳ ಮದುವೆ ಹೇಗೆ ಅಂತಲೂ ಕೇಳುತ್ತಾರೆ. ಅವಳಿಗೆ ಏಳು ವರ್ಷ!

ಇಲ್ಲಿರುವ ತಾಯಂದಿರು ಹೆದರಬೇಡಿ. ಎರಡು ವರ್ಷದೊಳಗಿನ ಮಕ್ಕಳ ಕಾಲು ಸ್ವಲ್ಪ ಬಾಗಿರುವುದು ಸಾಮಾನ್ಯ, ಬಹುತೇಕ ತಾನಾಗಿಯೇ ಸರಿಹೋಗುತ್ತದೆ. ಎರಡು ದಾಟಿಯೂ ಬಾಗು ಹೆಚ್ಚುತ್ತಿದ್ದರೆ, ಮಣಿಕಟ್ಟು ದಪ್ಪಗಿದ್ದರೆ, ನಡಿಗೆ ಬಾತುಕೋಳಿಯಂತಿದ್ದರೆ, ಮನೆಯಲ್ಲಿ ಇನ್ನೊಬ್ಬರ ಕಾಲೂ ಹಾಗೆಯೇ ಇದ್ದರೆ ತೋರಿಸಿ. ಡಿ, ಕ್ಯಾಲ್ಸಿಯಂ ಕೊಟ್ಟು ಮೂರು ತಿಂಗಳಾದರೂ ಎಕ್ಸ್‌ರೇ ಬದಲಾಗದಿದ್ದರೆ ಇನ್ನೊಂದು ಇಂಜೆಕ್ಷನ್‌ಗೆ ಕೈ ಚಾಚುವ ಮೊದಲು, 'ರಂಜಕ ನೋಡಿದ್ದೀರಾ ಸರ್, ಮಗುವಿನ ವಯಸ್ಸಿನ ಲೆಕ್ಕಕ್ಕೆ ಸರಿಯಿದೆಯಾ?' ಅಂತ ಕೇಳಿ. ಶಾಲೆಗೆ, ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ, ಅವರು ನೋಡುವ ಪಟ್ಟಿಯಲ್ಲಿ ರಿಕೆಟ್ಸ್ ಕೂಡ ಇದೆ. ಆ ದಿನ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗದೆ ಶಾಲೆಗೆ ಕಳಿಸಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ನೀರಿನ ಬಗ್ಗೆಯೂ ಉದಾಸೀನ ಬೇಡ, ಐದು ರೂಪಾಯಿ ಹಾಕಿ ಘಟಕದ ನೀರನ್ನೇ ಹಿಡಿಯಿರಿ. ನನ್ನ ಕಾಲಿಗೆ ನೀರು ಕಾರಣವಲ್ಲ ಅಂದ ಮಾತ್ರಕ್ಕೆ ಯಾರ ಕಾಲಿಗೂ ಅಲ್ಲ ಅಂತಲ್ಲ.

ನನ್ನ ಗುರುಗಳಲ್ಲಿ ಒಂದು ವಿನಂತಿ. ಹೊಂದಿಸಿ ಬರೆಯಿರಿಯಲ್ಲಿ ಡಿಗೆ ರಿಕೆಟ್ಸ್ ಅಂತಲೇ ಇರಲಿ, ಅಂಕವನ್ನೂ ಕೊಡಿ. ಪಾಠ ಮುಗಿಸುವಾಗ, 'ಕೆಲವರಿಗೆ ಬೇರೆ ಕಾರಣದಿಂದಲೂ ಬರುತ್ತದೆ' ಅಂತ ಒಂದು ಸಾಲು ಸೇರಿಸಿ. ಆ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತ ಒಬ್ಬ ಕುಳ್ಳ ಹುಡುಗ ಮನೆಗೆ ಹೋಗಿ ಅಮ್ಮನಿಗೆ ಹೇಳಬಹುದು.

ಮಧ್ಯಾಹ್ನ ಊಟದ ನಂತರ ಎಂಟನೇ ತರಗತಿಯ 'ಎ' ವಿಭಾಗದ ಕೊಠಡಿಯಲ್ಲಿ ಸಂಜೆಯ ತನಕ ಕೂತಿರುತ್ತೇನೆ. ನಾನು ಡಾಕ್ಟರಲ್ಲ, ಔಷಧಿ ಹೇಳುವುದಿಲ್ಲ. ಮಗುವಿನ ಹಳೆಯ ರಿಪೋರ್ಟು ಇದ್ದರೆ ತನ್ನಿ, ಯಾವ ಪರೀಕ್ಷೆ ಬಿಟ್ಟುಹೋಗಿದೆ, ಯಾವ ಡಾಕ್ಟರಿಗೆ ತೋರಿಸಬಹುದು ಅಂತ ಹೇಳಬಲ್ಲೆ. ಐಟಿ ಬಗ್ಗೆ ಕೇಳುವವರೂ ಬರಬಹುದು.

ಈಗ ಗಂಟೆ ಒಂದಾಯಿತು. ಪೆಂಡಾಲಿನ ಆ ಕಂಬದ ಹತ್ತಿರ ನಮ್ಮಮ್ಮ ಸಿರಿಂಜು ಹಿಡಿದು ನಿಂತಿದ್ದಾಳೆ, ಮಗಳು ಎಲ್ಲಿ ಓಡಿಹೋಗಿದ್ದಾಳೋ ಕಾಣುತ್ತಿಲ್ಲ. ನಾನು ಹುಡುಕಬೇಕು.